ಚಿಕಿತ್ಸೆ ಮುಗಿಯುವವರೆಗೆ ಮಕ್ಕಳಿಂದ ದೂರ ಇರಬೇಕೇ?

ಪ್ರಶ್ನೆ
ಬರೆದವರು: ಇಬ್ಬರ ತಂದೆ

ಎಲ್ಲರಿಗೂ ನಮಸ್ಕಾರ. ಹೆರಾಯಿನ್ ವ್ಯಸನದಲ್ಲಿ ಹಲವು ವರ್ಷ ಕಳೆದ ನಾನು ಈಗ ಆ ವ್ಯಸನಕ್ಕೆ ವೈದ್ಯರು ಕೊಡುವ ಬ್ಯುಪ್ರೆನಾರ್ಫಿನ್ ಎಂಬ ಔಷಧದ ಚಿಕಿತ್ಸೆಯಲ್ಲಿದ್ದೇನೆ. ಮಗನಿಗೆ ಹದಿನಾಲ್ಕು ವರ್ಷ, ಮಗಳಿಗೆ ಆರು. ಇಬ್ಬರೂ ತಾಯಿಯೊಂದಿಗೆ ಬೇರೆ ಮನೆಯಲ್ಲಿದ್ದಾರೆ. ನನ್ನ ಅಕ್ಕನ ಸಮ್ಮುಖದಲ್ಲಿ ವಾರಕ್ಕೊಮ್ಮೆ ಮಕ್ಕಳನ್ನು ನೋಡಬಹುದು ಎಂದು ಅವರ ತಾಯಿ ಇತ್ತೀಚೆಗೆ ಒಪ್ಪಿದ್ದಾರೆ. ಒಪ್ಪಿಗೆ ಸಿಗುವವರೆಗೆ ಅದೊಂದೇ ಚಿಂತೆಯಾಗಿತ್ತು. ಸಿಕ್ಕ ಮೇಲೆ ಗೊಂದಲ ಹೆಚ್ಚಾಗಿದೆ.

ನಮ್ಮ ಸ್ವಸಹಾಯ ಗುಂಪಿನ ಹಿರಿಯರೊಬ್ಬರು "ಮೊದಲು ನೀನು ಪೂರ್ತಿ ನೆಟ್ಟಗಾಗು, ಆಮೇಲೆ ಮಕ್ಕಳ ಮುಂದೆ ನಿಲ್ಲು" ಎನ್ನುತ್ತಾರೆ. ಬಂಧುಗಳೊಬ್ಬರು ಇದಕ್ಕೆ ತದ್ವಿರುದ್ಧವಾಗಿ "ಮಕ್ಕಳ ಮುಖ ನೋಡುತ್ತಿದ್ದರೆ ತಾನಾಗಿಯೇ ಬಿಟ್ಟುಹೋಗುತ್ತದೆ" ಎನ್ನುತ್ತಾರೆ. ಮೊದಲನೆಯವರ ಮಾತಿನಂತೆ ನಡೆದರೆ ಎಷ್ಟು ವರ್ಷ ಕಾಯಬೇಕು ಎಂಬುದನ್ನು ಯಾರೂ ಹೇಳಲಾರರು. ಎರಡನೆಯವರ ಮಾತು ನಿಜವಾಗಿದ್ದರೆ, ಮಕ್ಕಳು ಕಣ್ಣೆದುರಿಗೇ ಇದ್ದ ವರ್ಷಗಳಲ್ಲಿ ಅದು ಏಕೆ ಬಿಟ್ಟುಹೋಗಲಿಲ್ಲ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಇನ್ನೂ ಎರಡು ವಿಷಯಗಳಿವೆ. ಮಗಳಿಗೆ ಇದುವರೆಗೆ "ಅಪ್ಪ ಕೆಲಸದ ಮೇಲೆ ದೂರ ಹೋಗಿದ್ದಾರೆ" ಎಂದು ಹೇಳಲಾಗಿದೆ. ಭೇಟಿಯಾದಾಗ ಆಕೆ ಕೇಳಿಯೇ ಕೇಳುತ್ತಾಳೆ. ಮಗ ಮಾತ್ರ ನನ್ನೊಂದಿಗೆ ಮಾತನಾಡುವುದನ್ನು ನಿಲ್ಲಿಸಿದ್ದಾನೆ, ಭೇಟಿಗೆ ಬರುವುದಿಲ್ಲ ಎಂದೂ ಹೇಳಿ ಕಳುಹಿಸಿದ್ದಾನೆ. ದಿನವೂ ಔಷಧ ತೆಗೆದುಕೊಳ್ಳುತ್ತಿರುವುದರಿಂದ ನಾನು ಇನ್ನೂ ಅಮಲಿನಲ್ಲೇ ಇದ್ದೇನೆ ಎಂದು ಅವನಿಗೆ ಯಾರೋ ಹೇಳಿದ್ದಾರಂತೆ. ಈ ವಿಷಯ ಬಲ್ಲವರು, ವಿಶೇಷವಾಗಿ ಇಂಥ ಮನೆಯಲ್ಲಿ ಬೆಳೆದವರು, ನಿಸ್ಸಂಕೋಚವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ
ಬರೆದವರು: ಆಪ್ತಸಮಾಲೋಚಕ

ಇಬ್ಬರ ತಂದೆಯವರಿಗೆ ನಮಸ್ಕಾರ. ವ್ಯಸನಮುಕ್ತಿ ಕೇಂದ್ರಗಳಲ್ಲಿ ಆಪ್ತಸಮಾಲೋಚಕನಾಗಿ ಕೆಲಸ ಮಾಡುತ್ತಿರುವ ನನ್ನ ಅಭಿಪ್ರಾಯದಲ್ಲಿ ನಿಮಗೆ ಸಿಕ್ಕಿರುವ ಎರಡೂ ಸಲಹೆಗಳು ತಪ್ಪು, ಆದರೆ ತಪ್ಪಿನ ಬಗೆ ಬೇರೆ ಬೇರೆ.

"ಪೂರ್ತಿ ನೆಟ್ಟಗಾದ ಮೇಲೆ" ಎಂಬ ಮಾತಿನ ಹಿಂದೆ, ವ್ಯಸನ ಒಂದು ದಿನ ಮುಗಿದುಹೋಗುವ ಸಂಗತಿ ಎಂಬ ನಂಬಿಕೆಯಿದೆ. ವೈದ್ಯಶಾಸ್ತ್ರ ಇದನ್ನು ದೀರ್ಘಕಾಲಿಕ ಕಾಯಿಲೆ ಎಂದು ಪರಿಗಣಿಸುತ್ತದೆ. 2000ದಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಥಾಮಸ್ ಮೆಕ್‌ಲೆಲನ್ ಮತ್ತು ಸಹಲೇಖಕರು ಪ್ರಕಟಿಸಿದ ಲೇಖನವೊಂದು ಮಾದಕ ವ್ಯಸನವನ್ನು ರಕ್ತದೊತ್ತಡ, ಅಸ್ತಮಾ, ಸಕ್ಕರೆ ಕಾಯಿಲೆಗಳ ಪಕ್ಕದಲ್ಲಿಟ್ಟು ನೋಡಿತು. ಚಿಕಿತ್ಸೆ ಪಡೆದವರಲ್ಲಿ ಶೇಕಡಾ 40ರಿಂದ 60ರಷ್ಟು ಮಂದಿಯಲ್ಲಿ ವ್ಯಸನ ಮರುಕಳಿಸುತ್ತದೆ. ರಕ್ತದೊತ್ತಡ, ಅಸ್ತಮಾಗಳಲ್ಲಿ ಲಕ್ಷಣಗಳು ಮರಳುವ ಪ್ರಮಾಣವೂ ಇದಕ್ಕಿಂತ ಕಡಿಮೆಯೇನಲ್ಲ. ಅಂದಮೇಲೆ ನೀವು ಕಾಯಬೇಕೆಂದಿರುವ ಆ ದಿನಕ್ಕೆ ತಾರೀಖು ಇಲ್ಲ. ಮಗಳ ಬಾಲ್ಯಕ್ಕೆ ಮಾತ್ರ ಇದೆ. ಆರರಿಂದ ಹತ್ತರವರೆಗಿನ ವರ್ಷಗಳು ನಿಮ್ಮ ಚೇತರಿಕೆಗಾಗಿ ನಿಂತು ಕಾಯುವುದಿಲ್ಲ.

ಎರಡನೆಯ ಸಲಹೆ ಇದಕ್ಕಿಂತ ಅಪಾಯಕಾರಿ. ಮಗು ಹುಟ್ಟಿದ್ದು, ಮಗು ಕೈತಪ್ಪಿ ಹೋಗುವ ಭಯ ಕಾಡಿದ್ದು ಎಷ್ಟೋ ಗಂಡಸರನ್ನು ಚಿಕಿತ್ಸೆಯ ಬಾಗಿಲಿಗೆ ತಂದಿವೆ, ನಿಜ. ಆದರೆ ಬಾಗಿಲಿಗೆ ತಂದದ್ದೇ ಒಳಗೆ ಉಳಿಸಿಕೊಳ್ಳುವುದೂ ಆಗುತ್ತದೆ ಎನ್ನಲಾಗದು. ಅಪ್ಪ ನನ್ನ ಮುಖ ನೋಡಿ ಬಿಟ್ಟರು ಎಂದು ನಂಬಿದ ಮಗು, ಅಪ್ಪ ಮತ್ತೆ ಹಿಡಿದ ದಿನ ತನ್ನ ಮುಖವೇ ಸಾಲದಾಯಿತು ಎಂದುಕೊಳ್ಳುತ್ತದೆ. ಮಗುವನ್ನು ಔಷಧವಾಗಿ ಬಳಸಬೇಡಿ. ಔಷಧ ನಿಮಗೆ ವೈದ್ಯರು ಕೊಟ್ಟಿದ್ದಾರೆ.

ಔಷಧದ ವಿಷಯವನ್ನು ಇಲ್ಲೇ ಮುಗಿಸುತ್ತೇನೆ. ಬ್ಯುಪ್ರೆನಾರ್ಫಿನ್ ಮತ್ತು ಅದರಂತೆಯೇ ಹೆರಾಯಿನ್ ವ್ಯಸನಕ್ಕೆ ಕೊಡುವ ಮೆಥಡೋನ್ ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹೆರಾಯಿನ್ ಸೇರುವ ಮೆದುಳಿನ ತಾಣಗಳನ್ನೇ ಬ್ಯುಪ್ರೆನಾರ್ಫಿನ್ ಸೇರುತ್ತದೆ, ಆದರೆ ಅವನ್ನು ಭಾಗಶಃ ಮಾತ್ರ ಪ್ರಚೋದಿಸುತ್ತದೆ. ಆದ್ದರಿಂದ ಪ್ರಮಾಣ ಸರಿಹೊಂದಿದ ವ್ಯಕ್ತಿಗೆ ಅಮಲೂ ಏರುವುದಿಲ್ಲ, ಹಿಂದಿನ ಹಂಬಲವೂ ಮೈ ಹಿಂಡುವುದಿಲ್ಲ. ಆತ ಎಚ್ಚರವಾಗಿರುತ್ತಾನೆ, ಮಾತಿಗೆ ಮಾತು ಕೊಡುತ್ತಾನೆ. ಬಂಧುಗಳ ಕೊಂಕಿಗೆ ಮಣಿದು, ಮಕ್ಕಳಿಗೆ "ಶುದ್ಧ"ವಾಗಿ ಕಾಣಿಸಿಕೊಳ್ಳಬೇಕೆಂಬ ಆತುರದಲ್ಲಿ ಔಷಧವನ್ನು ತಟ್ಟನೆ ನಿಲ್ಲಿಸಿದವರನ್ನು ನಾನು ಕಂಡಿದ್ದೇನೆ. ಅದು ಪ್ರಾಣಕ್ಕೇ ಎರವಾಗುವ ನಿರ್ಧಾರ. ಪ್ರಮಾಣ ಇಳಿಸುವುದೇನಿದ್ದರೂ ವೈದ್ಯರೊಂದಿಗೆ ಚರ್ಚಿಸಿ, ನಿಧಾನವಾಗಿ ಆಗಬೇಕು.

ಮಕ್ಕಳಿಗೆ ನಿಮ್ಮಿಂದ ಬೇಕಾಗಿರುವುದೇನು ಎಂಬ ಪ್ರಶ್ನೆಗೆ ಬರುತ್ತೇನೆ. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಮನೋವಿಜ್ಞಾನಿ ಒಂದು ಸರಳ ಪ್ರಯೋಗ ಮಾಡಿದರು. ಹಸುಗೂಸಿನೊಂದಿಗೆ ನಗುತ್ತಾ ಮಾತನಾಡುತ್ತಿದ್ದ ತಾಯಿ, ಕೆಲವೇ ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಸುಮ್ಮನೆ ನೋಡುತ್ತಾ ಕೂರಬೇಕು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಯಾವುದಕ್ಕೂ ಪ್ರತಿಕ್ರಿಯೆ ಸಿಗದಿದ್ದಾಗ ಮುಖ ತಿರುಗಿಸಿ ಕುಗ್ಗಿಹೋಗುತ್ತದೆ. ಪ್ರಯೋಗ ನಡೆದದ್ದು ತಾಯಂದಿರೊಂದಿಗೆ. ಆದರೆ ಅಮಲಿನಲ್ಲಿ ತೂಗುತ್ತಾ ಕುಳಿತ ತಂದೆಯ ಎದುರಿನ ಮಗುವನ್ನು ನೋಡಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮನುಷ್ಯ ಅಲ್ಲೇ ಇದ್ದಾನೆ, ಮುಖ ಮಾತ್ರ ಉತ್ತರಿಸುತ್ತಿಲ್ಲ. ನೀವು ಈಗ ಕೊಡಬಹುದಾದದ್ದು ಉತ್ತರಿಸುವ ಮುಖ. ಅದೂ ಹೇಳಿದ ದಿನ, ಹೇಳಿದ ವೇಳೆಗೆ. ಇಡೀ ದಿನದ ಭೇಟಿ ಎಂದು ಮಾತು ಕೊಟ್ಟು ತಪ್ಪುವುದಕ್ಕಿಂತ ಒಂದು ಗಂಟೆಯ ಭೇಟಿಯನ್ನು ತಪ್ಪದೆ ನಡೆಸುವುದು ಎಷ್ಟೋ ಮೇಲು.

ಮಗಳಿಗೆ ನಿಜವನ್ನೇ ಹೇಳಿ, ಆದರೆ ಆಕೆಯ ವಯಸ್ಸಿಗೆ ತಕ್ಕಷ್ಟು ಹೇಳಿ. "ಅಪ್ಪನಿಗೆ ಒಂದು ಕಾಯಿಲೆ ಇದೆ. ಅದರಿಂದಾಗಿ ಅಪ್ಪ ನಿನ್ನ ಹತ್ತಿರ ಇರಲು ಆಗಲಿಲ್ಲ. ಅದು ನಿನ್ನಿಂದ ಬಂದದ್ದಲ್ಲ, ಅದನ್ನು ವಾಸಿ ಮಾಡುವುದು ನಿನ್ನ ಕೆಲಸವೂ ಅಲ್ಲ. ವೈದ್ಯರು ನೋಡಿಕೊಳ್ಳುತ್ತಿದ್ದಾರೆ." ಸದ್ಯಕ್ಕೆ ಇಷ್ಟು ಸಾಕು. ಮಕ್ಕಳಿಗೆ ಕಾರಣ ತಿಳಿಸದಿದ್ದರೆ ಅವರು ತಾವೇ ಒಂದು ಕಾರಣವನ್ನು ಕಟ್ಟಿಕೊಳ್ಳುತ್ತಾರೆ, ಬಹುತೇಕ ಸಲ ಆ ಕಾರಣ ಅವರೇ ಆಗಿರುತ್ತಾರೆ. ಹೇಳುವ ಮುನ್ನ ಯಾವ ಮಾತುಗಳಲ್ಲಿ ಹೇಳಬೇಕೆಂಬುದನ್ನು ಅವರ ತಾಯಿಯೊಂದಿಗೆ ನಿರ್ಧರಿಸಿಕೊಳ್ಳಿ. ಒಬ್ಬರು ಕೆಲಸದ ಕಥೆಯನ್ನೂ ಇನ್ನೊಬ್ಬರು ಕಾಯಿಲೆಯ ಕಥೆಯನ್ನೂ ಹೇಳಿದರೆ ಮಗು ಇಬ್ಬರನ್ನೂ ನಂಬುವುದಿಲ್ಲ.

ಒಂದು ಎಚ್ಚರಿಕೆ. ನಿಮ್ಮ ಮಾತ್ರೆಗಳು ಬೀಗ ಹಾಕುವ ಪೆಟ್ಟಿಗೆಯಲ್ಲೇ ಇರಲಿ. ನಿಮಗೆ ಹಿತವಾದ ಒಂದು ಮಾತ್ರೆ ಚಿಕ್ಕ ಮಗುವಿನ ಉಸಿರಾಟವನ್ನೇ ನಿಲ್ಲಿಸಬಲ್ಲದು. ಅಂಗಿಯ ಜೇಬಿನಲ್ಲೋ ಚೀಲದಲ್ಲೋ ಇಟ್ಟುಕೊಂಡು ಭೇಟಿಗೆ ಹೋಗಬೇಡಿ.

ಉತ್ತರ
ಬರೆದವರು: ಹಿರಿಯ ಮಗಳು

ನಾನು ಇಂಥ ಮನೆಯಲ್ಲೇ ಬೆಳೆದವಳು. ಮೇಲಿನ ಉತ್ತರ ಬರೆದ ಸರ್ ಅವರ ಬಹುಪಾಲು ಮಾತುಗಳನ್ನು ಒಪ್ಪುತ್ತೇನೆ, ಎರಡು ಕಡೆ ಭಿನ್ನಾಭಿಪ್ರಾಯವಿದೆ.

ಮೊದಲನೆಯದು "ಕಾಯಿಲೆ" ಎಂಬ ವಿವರಣೆ. ಆರು ವರ್ಷದ ಮಗಳಿಗೆ ಅದು ಸಮಾಧಾನ ತರಬಹುದು. ಹದಿನಾಲ್ಕರ ಹುಡುಗನಿಗೆ ಅದೇ ಮಾತು ನುಣುಚಿಕೊಳ್ಳುವ ದಾರಿಯಂತೆ ಕೇಳಿಸುತ್ತದೆ. ಆ ವಯಸ್ಸಿನಲ್ಲಿ ನನಗೆ "ನಿಮ್ಮ ಅಪ್ಪನಿಗೆ ಕಾಯಿಲೆಯಮ್ಮ" ಎಂದು ಹೇಳಿದವರ ಮೇಲೆಲ್ಲ ಸಿಟ್ಟು ಬರುತ್ತಿತ್ತು, ಏಕೆಂದರೆ ಕಾಯಿಲೆಯವರ ಮೇಲೆ ಕೋಪಿಸಿಕೊಳ್ಳುವಂತಿಲ್ಲ, ನನಗಿದ್ದದ್ದು ಕೋಪವೊಂದೇ. ಕಾಯಿಲೆ ಎಂಬುದು ಸುಳ್ಳಲ್ಲ. ಆದರೆ ಮಗನಿಗೆ ಕಾಯಿಲೆಯ ಬಗ್ಗೆ ಹೇಳುವ ಮೊದಲು, ಅವನ ಪಾಲಿಗೆ ಏನು ನಡೆಯಿತು ಎಂಬುದು ನಿಮಗೆ ಗೊತ್ತಿದೆ ಎಂದು ಅವನಿಗೆ ತಿಳಿಯಬೇಕು. ವಿವರಣೆ ಆಮೇಲೆ ಬರಲಿ, ಅದೂ ಅವನು ಕೇಳಿದರೆ.

ಎರಡನೆಯದು, ನೀವು ಹೊತ್ತಿಗೆ ಸರಿಯಾಗಿ ಬರತೊಡಗಿದ ಕೂಡಲೇ ಮಕ್ಕಳು ಹಗುರಾಗುತ್ತಾರೆ ಎಂದು ಎಣಿಸಬೇಡಿ. ಬಾಗಿಲಲ್ಲಿ ಬೀಗದ ಕೈ ಎಷ್ಟು ಹೊತ್ತು ತಡಕಾಡುತ್ತದೆ ಎಂಬುದರಿಂದಲೇ ಆ ಸಂಜೆ ಹೇಗಿರುತ್ತದೆ ಎಂದು ಲೆಕ್ಕ ಹಾಕುವುದನ್ನು ನಾವು ಓದು ಬರಹಕ್ಕಿಂತ ಮೊದಲೇ ಕಲಿತಿರುತ್ತೇವೆ. ಕಣ್ಣಿನ ಪಾಪೆ, ದನಿಯ ಎಳೆತ, ತೋಳು ಮುಚ್ಚಿದ ಅಂಗಿ, ವಿಪರೀತ ಮುದ್ದು ಮಾಡುವುದು, ಇವೆಲ್ಲ ನಮಗೆ ಮುನ್ಸೂಚನೆಗಳು. ಅಪ್ಪ ಸರಿಹೋದ ಮಾತ್ರಕ್ಕೆ ಆ ಕಾವಲು ಮುಗಿಯುವುದಿಲ್ಲ. ಭೇಟಿಯ ಮೊದಲ ತಿಂಗಳುಗಳಲ್ಲಿ ಮಗಳು ನಿಮ್ಮನ್ನು ವಿಚಿತ್ರವಾಗಿ ದಿಟ್ಟಿಸಿ ನೋಡಬಹುದು, ಸುಮ್ಮಸುಮ್ಮನೆ ಹಟ ಮಾಡಬಹುದು. ನಿಮ್ಮ ಮೇಲೆ ರೇಗಿದರೂ ನೀವು ಎದ್ದು ಹೋಗುವುದಿಲ್ಲ ಎಂಬುದು ಖಚಿತವಾಗತೊಡಗಿದಾಗಲೇ ಮಕ್ಕಳ ಕೋಪ ಹೊರಗೆ ಬರುವುದು. ಅದನ್ನು ತಾಯಿ ಹೇಳಿಕೊಟ್ಟದ್ದು ಎಂದು ದಯವಿಟ್ಟು ತಿಳಿಯಬೇಡಿ.

ಮಗನ ಮೌನದ ಬಗ್ಗೆ ಹೇಳುತ್ತೇನೆ. ಅವನು ಬರುವುದಿಲ್ಲ ಎಂದು ಹೇಳಿ ಕಳುಹಿಸಿದ್ದಾನೆ. ಅದು ಉತ್ತರವೇ. ಅಂಥ ಮನೆಯ ಮಗನಿಗೆ ತನ್ನ ಬದುಕಿನಲ್ಲಿ ತಾನೇ ತೀರ್ಮಾನಿಸಿದ ಸಂಗತಿಗಳು ಬಹಳ ಕಡಿಮೆ. ಇದೊಂದನ್ನು ಅವನಿಂದ ಕಿತ್ತುಕೊಳ್ಳಬೇಡಿ. ಅವನ ತಂಗಿಯನ್ನು ದೂತಳನ್ನಾಗಿ ಮಾಡಬೇಡಿ, "ಅಣ್ಣನಿಗೆ ಬರಲು ಹೇಳು" ಎಂಬ ಮಾತು ಆಕೆಯ ಬಾಯಲ್ಲಿ ಬರಬಾರದು. ಕ್ಷಮೆ ಕೇಳುವ ಆಸೆ ನಿಮಗಿದ್ದರೆ ಒಂದು ಸಲ ಕೇಳಿ, ಸ್ಪಷ್ಟವಾಗಿ ಕೇಳಿ, ಉತ್ತರ ಬಯಸದೆ ಕೇಳಿ. ನನ್ನ ತಂದೆ ನನ್ನಲ್ಲಿ ಹಲವು ಬಾರಿ ಕ್ಷಮೆ ಕೇಳಿದರು. ಪ್ರತಿ ಸಲವೂ ಅಳುತ್ತಿದ್ದರು, ಪ್ರತಿ ಸಲವೂ ಅವರನ್ನು ಸಮಾಧಾನಪಡಿಸುವ ಕೆಲಸ ನನ್ನದೇ ಆಗುತ್ತಿತ್ತು. ಅದು ಕ್ಷಮೆ ಕೇಳಿದಂತಾಗಲಿಲ್ಲ, ನನ್ನ ಮೇಲೆ ಇನ್ನೊಂದು ಹೊರೆ ಹೇರಿದಂತಾಯಿತು.

ಇಷ್ಟೆಲ್ಲ ಬರೆದ ಮೇಲೆ ಇದನ್ನೂ ಹೇಳದಿದ್ದರೆ ಅನ್ಯಾಯವಾದೀತು. ನನ್ನ ತಂದೆ ಒಳ್ಳೆಯ ದಿನಗಳಲ್ಲಿ ತುಂಬ ಒಳ್ಳೆಯ ತಂದೆಯಾಗಿದ್ದರು, ಆ ಪ್ರೀತಿ ನಟನೆಯಾಗಿರಲಿಲ್ಲ. ದೊಡ್ಡವರು ಅದನ್ನು ಅಲ್ಲಗಳೆದಾಗ ನನಗೆ ಇನ್ನಷ್ಟು ನೋವಾಗುತ್ತಿತ್ತು. ನಿಮ್ಮ ಮಕ್ಕಳಿಗೂ ಇಬ್ಬರು ಅಪ್ಪಂದಿರ ನೆನಪು ಇರುತ್ತದೆ. ಅವರು ಒಬ್ಬರನ್ನಷ್ಟೇ ಆರಿಸಿಕೊಳ್ಳಬೇಕೆಂದು ಯಾರೂ ಒತ್ತಾಯಿಸಬಾರದು.

ಉತ್ತರ
ಬರೆದವರು: ಚೇತರಿಕೆಯಲ್ಲಿರುವ ತಂದೆ

ಹಿರಿಯ ಮಗಳು ಅವರು ಬರೆದದ್ದನ್ನು ಓದಿ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಇದನ್ನು ಬರೆಯುತ್ತಿದ್ದೇನೆ. ನಾನು ಮೆಥಡೋನ್ ಚಿಕಿತ್ಸೆಯಲ್ಲಿದ್ದವನು, ಮೂರು ಮಕ್ಕಳ ತಂದೆ.

ಗಂಡಸರ ವ್ಯಸನದ ಚಿಕಿತ್ಸೆಯಲ್ಲಿ ತಂದೆತನದ ಮಾತೇ ಏಳುವುದಿಲ್ಲ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ನಾನು ಹೋದ ಕಡೆಯಲ್ಲೆಲ್ಲ ಏನು ಸೇವಿಸುತ್ತೀರಿ, ಎಷ್ಟು, ಎಂದಿನಿಂದ, ಸೂಜಿಯೋ ಹೊಗೆಯೋ, ಜೈಲಿಗೆ ಹೋಗಿದ್ದೀರೋ ಎಂದೆಲ್ಲ ಕೇಳಿದರು. ಮಕ್ಕಳಿದ್ದಾರೆಯೇ, ಅವರು ಎಲ್ಲಿದ್ದಾರೆ ಎಂದು ಕೇಳಲಿಲ್ಲ. ಹೆಂಗಸರಿಗೆ ಇದನ್ನೇ ಮೊದಲು ಕೇಳುತ್ತಾರೆ, ಹಲವು ಬಾರಿ ಬೆದರಿಕೆಯ ದನಿಯಲ್ಲೇ ಕೇಳುತ್ತಾರೆ. ಅದು ಬೇರೆ ಕಥೆ. ಗಂಡಸಿನ ಮಕ್ಕಳು ಎಲ್ಲೋ ಯಾರದೋ ಆಶ್ರಯದಲ್ಲಿರುತ್ತಾರೆ ಎಂದು ವ್ಯವಸ್ಥೆಯೇ ಭಾವಿಸಿಕೊಂಡಿದೆ. 2003ರಲ್ಲಿ ಬ್ರಿಟನ್ನಿನ ಸರಕಾರಿ ಸಲಹಾ ಮಂಡಳಿಯೊಂದು ಮಾದಕ ವ್ಯಸನಿಗಳ ಮಕ್ಕಳ ಸ್ಥಿತಿಗತಿಯ ಬಗ್ಗೆ ವಿವರವಾದ ವರದಿ ಕೊಟ್ಟಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತೀವ್ರ ವ್ಯಸನವಿದ್ದ ತಾಯಂದಿರಲ್ಲಿ ಶೇಕಡಾ 64ರಷ್ಟು ಮಂದಿ ಮಕ್ಕಳೊಂದಿಗೆ ವಾಸವಾಗಿದ್ದರೆ, ತಂದೆಯರಲ್ಲಿ ಆ ಪ್ರಮಾಣ ಶೇಕಡಾ 37 ಮಾತ್ರ ಎಂದು ಅದು ಹೇಳುತ್ತದೆ. ಉಳಿದ ತಂದೆಯರು ಸತ್ತಿರಲಿಲ್ಲ. ಅವರೂ ತಂದೆಯರೇ, ಮಕ್ಕಳ ಬದುಕಿನ ಹೊರಗಿದ್ದರು, ಅಷ್ಟೆ.

ಹೊರಗುಳಿಯುವುದು ಏಕೆ ಎಂಬುದಕ್ಕೆ ನನಗೆ ತೋರುವ ಕಾರಣವೊಂದಿದೆ. ಯೇಲ್ ವಿಶ್ವವಿದ್ಯಾಲಯದ ಥಾಮಸ್ ಮೆಕ್‌ಮಹನ್ ಮತ್ತು ಸಂಗಡಿಗರು ಮೆಥಡೋನ್ ಚಿಕಿತ್ಸೆಯಲ್ಲಿದ್ದ ತಂದೆಯರನ್ನು ವ್ಯಸನವಿಲ್ಲದ ತಂದೆಯರೊಂದಿಗೆ ಹೋಲಿಸಿ 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವ್ಯಸನವಿದ್ದ ತಂದೆಯರು ಮಕ್ಕಳಿಗೆ ಕೊಟ್ಟ ಹಣವೂ ಕಡಿಮೆ, ಮಕ್ಕಳೊಂದಿಗಿನ ಒಡನಾಟವೂ ಕಡಿಮೆ ಎಂಬುದು ಯಾರೂ ಊಹಿಸಬಹುದಾದ ಸಂಗತಿ. ನನ್ನ ಗಮನ ಸೆಳೆದದ್ದು ಇನ್ನೊಂದು: ತಂದೆ ಎಂದರೆ ಏನೇನು ಮಾಡಬೇಕಾದವನು ಎಂಬ ಅವರ ಕಲ್ಪನೆಯೇ ಇಕ್ಕಟ್ಟಾಗಿತ್ತು. ಇದನ್ನು ನನ್ನ ಅನುಭವದಿಂದ ಹೀಗೆ ಅರ್ಥಮಾಡಿಕೊಂಡಿದ್ದೇನೆ. ತಂದೆ ಎಂದರೆ ದುಡಿದು ತಂದುಹಾಕುವವನು ಎಂದಷ್ಟೇ ನಂಬಿದ ಮನುಷ್ಯ, ದುಡಿಮೆ ನಿಂತ ದಿನ ತಾನು ಏನೂ ಅಲ್ಲ ಎಂದುಕೊಳ್ಳುತ್ತಾನೆ. ಏನೂ ಅಲ್ಲದವನು ಮನೆಗೆ ಯಾವ ಮುಖ ಹೊತ್ತು ಹೋಗಬೇಕು? ಹೋಗುವುದಿಲ್ಲ. ಹೋಗದೆ ಇದ್ದದ್ದರ ನಾಚಿಕೆಯನ್ನು ಮರೆಯಲು ಮತ್ತೆ ಸೇವಿಸುತ್ತಾನೆ, ಸೇವಿಸಿದ್ದರಿಂದ ಇನ್ನೂ ದೂರವಾಗುತ್ತಾನೆ. ಹೊರಗಿನವರಿಗೆ ಇದು ನಿರ್ಲಕ್ಷ್ಯವಾಗಿ ಕಾಣುತ್ತದೆ. ಮಕ್ಕಳಿಗೂ ಹಾಗೆಯೇ ಕಾಣುತ್ತದೆ, ಅವರಿಗೆ ಅದರಿಂದ ಆಗುವ ಹಾನಿಯಲ್ಲಿ ಕಿಂಚಿತ್ತೂ ವ್ಯತ್ಯಾಸವಿಲ್ಲ.

ಸರಿಹೋಗತೊಡಗಿದಾಗ ಅದೇ ಇಕ್ಕಟ್ಟಾದ ಕಲ್ಪನೆ ಉಡುಗೊರೆಗಳ ರೂಪದಲ್ಲಿ ಮರಳುತ್ತದೆ. ಕೈಗೆ ಸ್ವಲ್ಪ ದುಡ್ಡು ಬಂದ ಕೂಡಲೇ ದೊಡ್ಡ ಆಟಿಕೆ, ಹೊಸ ಫೋನು. ಇದನ್ನು ಮಾಡಬೇಡಿ. ಕೈಲಾದಷ್ಟು ಹಣವನ್ನು, ಅದು ಎಷ್ಟೇ ಚಿಕ್ಕ ಮೊತ್ತವಾದರೂ, ಪ್ರತಿ ತಿಂಗಳು ಗೊತ್ತಾದ ದಿನ ಮಕ್ಕಳ ತಾಯಿಗೆ ತಲುಪಿಸಿ. ಮಕ್ಕಳ ಮುಂದೆ ಅದರ ಸುದ್ದಿ ಎತ್ತಬೇಡಿ. ಮಕ್ಕಳಿಗೆ ಬೇರೆಯದನ್ನು ಕೊಡಿ. ಸಾಧ್ಯವಾದರೆ ಯಾವುದಾದರೊಂದು ನೀರಸ ಕರ್ತವ್ಯವನ್ನು ನಿಮ್ಮದಾಗಿಸಿಕೊಳ್ಳಿ: ಮಗಳ ಗಣಿತದ ಮನೆಪಾಠ, ಹಲ್ಲಿನ ವೈದ್ಯರ ಭೇಟಿ, ಹರಿದ ಪುಸ್ತಕಗಳಿಗೆ ಹೊದಿಕೆ ಹಾಕುವುದು. ಮಕ್ಕಳನ್ನು ಸುತ್ತಾಡಿಸಿ ನಗಿಸಿ ಹೋಗುವ ಅಪ್ಪನ ಪಾತ್ರ ಬಹಳ ಸುಲಭ, ಅದನ್ನು ನಾವೆಲ್ಲ ವ್ಯಸನದ ದಿನಗಳಲ್ಲೂ ನಡುನಡುವೆ ಮಾಡಿದವರೇ.

ಒಂದು ಸಂಗತಿಯನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಚೇತರಿಕೆಯ ಆರಂಭದ ತಿಂಗಳುಗಳಲ್ಲಿ ನಿದ್ದೆ ಕೆಟ್ಟಿರುತ್ತದೆ, ನರಗಳು ಬಿಗಿದಿರುತ್ತವೆ, ಮಕ್ಕಳ ಸಹಜ ಗದ್ದಲವೂ ತಲೆಗೆ ಬಡಿದಂತೆ ಕೇಳಿಸುತ್ತದೆ. ನಾನು ತಂದೆಯಾಗಲು ಲಾಯಕ್ಕಲ್ಲ ಎಂಬ ತೀರ್ಮಾನಕ್ಕೆ ಆಗ ಬರಬೇಡಿ; ಭೇಟಿಯನ್ನು ಚಿಕ್ಕದಾಗಿಡಿ, ಸಿಟ್ಟು ಏರುತ್ತಿದೆ ಎನಿಸಿದಾಗ ಎರಡು ನಿಮಿಷ ಹೊರಗೆ ಹೋಗಿ ಬರುತ್ತೇನೆಂದು ಹೇಳಿ ಹೋಗಿ, ಹೇಳಿದಂತೆಯೇ ಮರಳಿ ಬನ್ನಿ. ಇದು ಕಲಿಯಬಹುದಾದ ವಿದ್ಯೆ. ಆಸ್ಟ್ರೇಲಿಯಾದಲ್ಲಿ ಶೆರನ್ ಡಾ ಮತ್ತು ಪಾಲ್ ಹಾರ್ನೆಟ್ ಎಂಬ ಮನೋವಿಜ್ಞಾನಿಗಳು ಮೆಥಡೋನ್ ಚಿಕಿತ್ಸೆಯಲ್ಲಿದ್ದ ತಂದೆ ತಾಯಂದಿರ ಮನೆಗೇ ಹೋಗಿ ಇಂಥ ಕೌಶಲಗಳನ್ನು ಕಲಿಸುವ ಕಾರ್ಯಕ್ರಮವೊಂದನ್ನು ರೂಪಿಸಿದರು. 2007ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ, ತರಬೇತಿ ಪಡೆದವರ ಒತ್ತಡವೂ ಅವರಿಂದ ಮಕ್ಕಳಿಗೆ ಹಾನಿಯಾಗುವ ಸಂಭವವೂ ತಗ್ಗಿದ್ದು ಕಂಡುಬಂತು. ನಿಮ್ಮ ಕೇಂದ್ರದಲ್ಲಿ ಅಂಥದ್ದೇನಾದರೂ ಇದೆಯೇ ಎಂದು ಕೇಳಿ. ಇಲ್ಲ ಎಂದರೂ ಕೇಳಿದ್ದು ವ್ಯರ್ಥವಲ್ಲ. ಯಾರಾದರೂ ಕೇಳದ ಹೊರತು ಅವರು ಶುರುಮಾಡುವುದಿಲ್ಲ.

ಉತ್ತರ
ಬರೆದವರು: ಇನ್ನೊಂದು ಮನೆಯ ತಾಯಿ

ಎಲ್ಲರೂ ತಂದೆಗೆ ಸಲಹೆ ಕೊಡುತ್ತಿದ್ದೀರಿ, ಒಳ್ಳೆಯದೇ. ಈ ವ್ಯವಸ್ಥೆಯನ್ನು ನಡೆಸುತ್ತಿರುವ ಹೆಂಗಸು ಈ ಚರ್ಚೆಯಲ್ಲಿ ಎಲ್ಲಿಯೂ ಇಲ್ಲದ ಕಾರಣ ಬರೆಯುತ್ತಿದ್ದೇನೆ.

ಭೇಟಿಗೆ ಒಪ್ಪಿಗೆ ಕೊಡುವುದು ಎಂದರೆ ಏನೆಂದು ಊಹಿಸಿಕೊಳ್ಳಿ. ಆ ದಿನ ಬೆಳಿಗ್ಗೆಯಿಂದ ಮಗುವಿನ ಸಡಗರವನ್ನು ನೋಡುತ್ತಾ, ನೀವು ಬಾರದಿದ್ದರೆ ಏನು ಹೇಳಬೇಕೆಂಬುದನ್ನು ಮನಸ್ಸಿನಲ್ಲಿ ಸಿದ್ಧಮಾಡಿಟ್ಟುಕೊಂಡಿರುವುದು ಎಂದರ್ಥ. ನೀವು ಬಂದು ಹೋದ ಮೇಲೆ ಆ ರಾತ್ರಿ ಮಗು ಹಾಸಿಗೆ ಒದ್ದೆ ಮಾಡಿದರೆ, ಮಾರನೆಯ ದಿನ ಶಾಲೆಯಲ್ಲಿ ಯಾರನ್ನೋ ಹೊಡೆದರೆ, ಅದನ್ನು ನಿಭಾಯಿಸುವವರು ನೀವಲ್ಲ. ಆದ್ದರಿಂದ ನಿಮ್ಮ ಪ್ರಶ್ನೆಯನ್ನು ಇಲ್ಲಿ ಕೇಳುವುದಕ್ಕೆ ಮೊದಲು ಆಕೆಯ ಬಳಿ ಕೇಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಆಕೆಯೊಂದಿಗೆ ಕುಳಿತು ನಿಯಮಗಳನ್ನು ಕಾಗದದ ಮೇಲೆ ಬರೆಯಿರಿ, ನಿಮ್ಮ ಅಕ್ಕನೂ ಓದಲಿ. ಬರಲಾಗದಿದ್ದರೆ ಎಷ್ಟು ಹೊತ್ತಿಗೆ ಮುಂಚೆ ಯಾರಿಗೆ ತಿಳಿಸಬೇಕು (ಮಗುವಿಗಲ್ಲ, ತಾಯಿಗೆ), ಸೇವಿಸಿದ್ದೀರಿ ಎಂಬ ಸಂದೇಹ ಬಂದರೆ ಬಾಗಿಲಿನಿಂದಲೇ ಹಿಂತಿರುಗಿಸುವ ಅಧಿಕಾರ ಯಾರದು, ಮಕ್ಕಳನ್ನು ವಾಹನದಲ್ಲಿ ಕೂರಿಸಿಕೊಂಡು ಹೋಗಬಹುದೇ, ಹೋಗಬಹುದಾದರೆ ಎಂದಿನಿಂದ. ಹಿಂತಿರುಗಿಸಿದ ದಿನ ವಾದ ಮಾಡುವಂತಿಲ್ಲ ಎಂಬುದನ್ನೂ ಬರೆಯಿರಿ. ಹಾಗೆಯೇ ಈ ಭೇಟಿಗಳು ನಿಮ್ಮಿಬ್ಬರ ದಾಂಪತ್ಯವನ್ನು ಮರಳಿ ಜೋಡಿಸುವ ಮೆಟ್ಟಿಲಲ್ಲ ಎಂಬುದು ಇಬ್ಬರಿಗೂ ಸ್ಪಷ್ಟವಾಗಿರಲಿ. ಮುಂದೆ ಜೋಡಣೆಯಾದರೆ ಸಂತೋಷ, ಆಗದಿದ್ದರೆ ಅದರ ಸಿಟ್ಟಿನಲ್ಲಿ ಮಕ್ಕಳ ಭೇಟಿ ನಿಲ್ಲಬಾರದು.

ಇನ್ನೊಂದು ಮಾತು ನಿಮಗೆ ಅನ್ವಯಿಸುತ್ತದೋ ಇಲ್ಲವೋ ತಿಳಿಯದು, ಓದುತ್ತಿರುವ ಬೇರೆಯವರಿಗಾಗಿ ಹೇಳುತ್ತೇನೆ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದ ಸಂದರ್ಭಗಳಲ್ಲಿ ಇಲ್ಲಿ ಬಂದ ಸಲಹೆಗಳು ಹಾಗೆಯೇ ಸಲ್ಲುವುದಿಲ್ಲ. ಅಲ್ಲಿ ಮೊದಲು ನೋಡಬೇಕಾದದ್ದು ತಾಯಿ ಮತ್ತು ಮಕ್ಕಳ ಸುರಕ್ಷತೆ. ಅಮಲು ಇಳಿದ ಕೂಡಲೇ ಹಿಂಸೆಯೂ ತಾನಾಗಿ ಇಳಿಯುತ್ತದೆ ಎಂದು ನಂಬಬೇಡಿ. ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು, ಬೇಕಾದಲ್ಲಿ ನ್ಯಾಯಾಲಯದ ರಕ್ಷಣೆಯೂ ಬೇಕು.

ಪ್ರತಿಕ್ರಿಯೆ
ಬರೆದವರು: ಇಬ್ಬರ ತಂದೆ

ಎಲ್ಲರಿಗೂ ಕೃತಜ್ಞ. ಮೇಡಂ, ನಮ್ಮ ಮನೆಯಲ್ಲಿ ಹೊಡೆತ ಇರಲಿಲ್ಲ. ಸುಳ್ಳು ಇತ್ತು, ಮನೆಯ ವಸ್ತುಗಳು ಕಾಣೆಯಾಗುತ್ತಿದ್ದವು. ನಿಯಮಗಳ ಕರಡನ್ನು ಮಕ್ಕಳ ತಾಯಿಗೆ ಕಳುಹಿಸಿದ್ದೇನೆ, ಅವರು ಮೂರು ಅಂಶಗಳನ್ನು ಸೇರಿಸಿದ್ದಾರೆ, ನಾನು ಒಪ್ಪಿದ್ದೇನೆ.

ಉಳಿದಿರುವ ಪ್ರಶ್ನೆ ಒಂದೇ, ಅದನ್ನು ಕೇಳಲು ಸಂಕೋಚವಾಗುತ್ತದೆ. ಭೇಟಿಗಳು ಶುರುವಾದ ಮೇಲೆ ಒಂದು ವೇಳೆ ಮತ್ತೆ ಸೇವಿಸಿಬಿಟ್ಟರೆ ಏನು ಮಾಡಬೇಕು? ಮಕ್ಕಳಿಗೆ ಹೇಳಬೇಕೇ? ಭೇಟಿಗಳನ್ನು ಪೂರ್ತಿ ನಿಲ್ಲಿಸಬೇಕೇ?

ಉತ್ತರ
ಬರೆದವರು: ಆಪ್ತಸಮಾಲೋಚಕ

ಇದನ್ನು ಈಗಲೇ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಅಂಥ ದಿನ ಬಂದರೆ ಯೋಚಿಸುವ ಸ್ಥಿತಿಯಲ್ಲಿ ನೀವು ಇರುವುದಿಲ್ಲ.

ಮೊದಲು ಪ್ರಾಣದ ಮಾತು. ಬಿಟ್ಟು ಕೆಲ ಕಾಲವಾದ ಮೇಲೆ ದೇಹಕ್ಕೆ ಹಿಂದಿದ್ದ ತಾಳುವ ಶಕ್ತಿ ಉಳಿದಿರುವುದಿಲ್ಲ. ಹಳೆಯ ಪ್ರಮಾಣವನ್ನೇ ಸೇವಿಸಿ ಉಸಿರು ನಿಂತು ತೀರಿಕೊಂಡವರಲ್ಲಿ ಚಿಕಿತ್ಸಾ ಕೇಂದ್ರದಿಂದಲೋ ಜೈಲಿನಿಂದಲೋ ಆಗಷ್ಟೇ ಹೊರಬಂದವರು ಬಹಳ. ಔಷಧ ಬಿಟ್ಟವರಿಗೆ ಈ ಅಪಾಯ ಇನ್ನೂ ಹೆಚ್ಚು. ಓಪಿಯಾಯ್ಡ್‌ಗಳ, ಅಂದರೆ ಹೆರಾಯಿನ್ ಮತ್ತು ಅದೇ ಬಗೆಯ ವಸ್ತುಗಳ ಪರಿಣಾಮವನ್ನು ತಡೆದು ಉಸಿರಾಟವನ್ನು ಮರಳಿಸುವ ನಲೋಕ್ಸೋನ್ ಎಂಬ ಔಷಧವಿದೆ. ಅದು ದೊರೆಯುವಂತಿದ್ದರೆ ಮನೆಯಲ್ಲಿರಲಿ, ನಿಮ್ಮೊಂದಿಗೆ ಇರುವವರು ಅದರ ಬಳಕೆಯನ್ನು ಕಲಿತಿರಲಿ. ಅದರ ಪರಿಣಾಮ ತಾತ್ಕಾಲಿಕವಾದ್ದರಿಂದ ಅದನ್ನು ಕೊಟ್ಟ ಮೇಲೂ ಆಸ್ಪತ್ರೆಗೆ ಹೋಗಲೇಬೇಕು.

ಸೇವಿಸಿದ ದಿನವೇ ಮಕ್ಕಳ ತಾಯಿಗೂ ನಿಮ್ಮ ವೈದ್ಯರಿಗೂ ತಿಳಿಸಿ. ಆ ವಾರದ ಭೇಟಿ ಬೇಡ. ಮಗಳಿಗೆ "ಅಪ್ಪನಿಗೆ ಹುಷಾರಿಲ್ಲ, ವೈದ್ಯರ ಹತ್ತಿರ ಹೋಗಿದ್ದಾರೆ, ಮುಂದೆ ಯಾವ ದಿನ ಬರುತ್ತಾರೆ ಎಂದು ನಾನೇ ಹೇಳುತ್ತೇನೆ" ಎಂದು ತಾಯಿ ಹೇಳಿದರೆ ಸಾಕು, ಅದರಲ್ಲಿ ಸುಳ್ಳಿಲ್ಲ. ಮಗ ಕೇಳಿದರೆ ನಡೆದದ್ದನ್ನು ಹೇಳಿ. ಅವನ ವಯಸ್ಸಿನಲ್ಲಿ ಇದು ಅವನಿಗೂ ಸಂಬಂಧಿಸಿದ ವಿಷಯ: ವ್ಯಸನಕ್ಕೆ ಬೀಳುವ ಸಂಭವದಲ್ಲಿ ಸುಮಾರು ಅರ್ಧದಷ್ಟು ಪಾಲು ಅನುವಂಶೀಯತೆಯದು ಎಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸುತ್ತವೆ. ಅಪ್ಪನಂತೆಯೇ ಆಗುತ್ತಾನೆ ಎಂದು ಇದರ ಅರ್ಥವಲ್ಲ. ಆದರೆ ಮೊದಲ ಬಾರಿ ಯಾರಾದರೂ ಅವನ ಮುಂದೆ ಮಾದಕ ವಸ್ತುವನ್ನು ಚಾಚಿದಾಗ ಅವನಿಗೆ ಈ ಮಾಹಿತಿ ತಿಳಿದಿರಬೇಕು, ಅದನ್ನು ನಿಮ್ಮಷ್ಟು ಅಧಿಕಾರದಿಂದ ಹೇಳಬಲ್ಲವರು ಬೇರೆ ಯಾರೂ ಇಲ್ಲ.

ಒಂದು ಸಲ ಜಾರಿದ್ದು ಮತ್ತೆ ಪೂರ್ತಿ ವ್ಯಸನಕ್ಕೆ ಮರಳಿದಂತೆ ಅಲ್ಲ. ಅದು ಹಾಗಾಗುವುದು ಬಹುತೇಕ ಮುಚ್ಚಿಟ್ಟಾಗ. ಚಿಕಿತ್ಸೆ ಮತ್ತೆ ಹಿಡಿತಕ್ಕೆ ಬಂದ ಮೇಲೆ ಭೇಟಿಗಳನ್ನು ಹಳೆಯ ದಿನ, ಹಳೆಯ ವೇಳೆಗೇ ಮುಂದುವರಿಸಿ.

ಉತ್ತರ
ಬರೆದವರು: ಹಿರಿಯ ಮಗಳು

ಮಗನ ಬಗ್ಗೆ ಒಂದು ಸೇರ್ಪಡೆ. ಪ್ರತಿ ವಾರ ನೀವು ಯಾವ ಹೊತ್ತಿಗೆ ಎಲ್ಲಿ ಇರುತ್ತೀರಿ ಎಂಬುದನ್ನು ಅವನಿಗೆ ಒಂದು ಸಾಲಿನಲ್ಲಿ ತಿಳಿಸುತ್ತಿರಿ. "ಬಾ" ಎಂದು ಬರೆಯಬೇಡಿ, "ಬರಲಿಲ್ಲವೇಕೆ" ಎಂದಂತೂ ಬೇಡವೇ ಬೇಡ. ಅವನು ಉತ್ತರಿಸದಿದ್ದರೂ ಮುಂದಿನ ವಾರ ಅದೇ ಸಾಲು ಹೋಗಲಿ. ಮತ್ತೆ, ಭೇಟಿಯ ದಿನ ಮತ್ತು ನಿಮ್ಮ ಔಷಧ ಪಡೆಯುವ ದಿನ ಒಂದೇ ಆಗದಂತೆ ಕೇಂದ್ರದವರೊಂದಿಗೆ ಈಗಲೇ ಮಾತನಾಡಿಕೊಳ್ಳಿ. ಅಲ್ಲಿ ಸರದಿ ತಡವಾದ ಕಾರಣಕ್ಕೆ ನೀವು ತಡವಾಗಿ ಬಂದರೂ, ಹಳೆಯ ಕಾರಣಕ್ಕೇ ತಡವಾಯಿತು ಎಂದು ಮನೆಯಲ್ಲಿ ಲೆಕ್ಕ ಹಾಕುತ್ತಾರೆ.